ಖರೇ ಚೀಟಿಯಲ್ಲಿ ಬಿಟ್ಟುಹೋದ ಸಾಲು

ನಿನ್ನೆ ಬೆಳಿಗ್ಗೆ ಅಕ್ಕಿ ಡಬ್ಬಿಯ ಮುಚ್ಚಳದ ಮೇಲಿಟ್ಟಿದ್ದ ಫೋನು ಗುರ್ರೆಂದು ನಡುಗಿತು. ಸ್ಟೀಲಿನ ಮೇಲೆ ಫೋನು ನಡುಗುವ ಸದ್ದು ಕೇಳಿದರೆ ನನಗೆ ಈಗಲೂ ದಿಗಿಲು. ಮುಟ್ಟಲೋ ಬೇಡವೋ ಎಂದು ಒಂದು ಕ್ಷಣ ನಿಂತೆ. ಆಮೇಲೆ ನೋಡಿದರೆ, ಸೊಸೆಯನ್ನು ಇಲ್ಲೇ ಕೋಲ್ಕತ್ತಾದ ಅಲಿಪುರದ ಆಸ್ಪತ್ರೆಗೆ ಸೇರಿಸಿದ್ದ ಮಗ ಕನ್ನಡದಲ್ಲೇ ಬರೆದಿದ್ದ: ಹೆಣ್ಣು ಮಗು, ಇಬ್ಬರೂ ಆರಾಮ. ದೇವರೇ, ನಾನು ಅಜ್ಜಿಯಾದೆ! ಒಲೆ ಆರಿಸುವುದನ್ನೂ ಮರೆತು ಪಾಡಾದ, ಅಂದರೆ ನಮ್ಮ ಓಣಿಯ, ಮನೆಮನೆಗೆ ಓಡಿದೆ. ಎದುರು ಮನೆಯ ಬಂಗಾಳಿ ಹೆಂಗಸನ್ನು ತಬ್ಬಿಕೊಂಡು ಕುಣಿದೆ; ಮಂಡಿನೋವು ಎಲ್ಲಿ ಹೋಯಿತೋ! ತಿರುಗಿ ಬಂದು ಕುಳಿತಾಗ ಆ ಸದ್ದು ಮತ್ತೆ ಕಿವಿಯಲ್ಲಿ ಕೇಳಿಸಿತು. ಮುಂದಿನ ಕೋಣೆಯ ಹುಡುಗಿ ನೆನಪಾದಳು…

ಎಷ್ಟೋ ವರ್ಷಗಳ ಹಿಂದಿನ ಮಾತು; ಆಗ ಊರಂಚಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಒಂದರ ಮೇಲೊಂದು ಏಳುತ್ತಿದ್ದವು. ಅಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿದ ಧಾರವಾಡದ ಹುಡುಗಿಯೊಬ್ಬಳು ಟಾಲಿಗಂಜ್‌ನ ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದಳು. ಅವರ ಕಡೆ ಚಿಕ್ಕಮ್ಮನಿಗೆ ಅನ್ನುವ ಹಾಗೆ ನನ್ನನ್ನು ಕಾಕೂ ಎನ್ನುತ್ತಿದ್ದಳು. ನಾವು ಉಡುಪಿ ಕಡೆಯವರು. ನಾನೂ ನಮ್ಮ ಯಜಮಾನರೂ ಮನೆಯಲ್ಲೇ ಅಡುಗೆ ಮಾಡಿ ಊಟದ ಡಬ್ಬಿ ಕಳಿಸುತ್ತಿದ್ದೆವು. ಅಡುಗೆಮನೆಯ ಗೋಡೆಗೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಚೀಟಿ ಅಂಟಿಸಿದ್ದೆ. ಮೊಳೆಗೆ ಒಂದೊಂದು ಮನೆಯ ಸಣ್ಣ ಚೀಟಿ: ಇವರಿಗೆ ಈರುಳ್ಳಿ ಬೇಡ, ಅವರಿಗೆ ಖಾರ ಕಡಿಮೆ. ಸಣ್ಣ ಚೀಟಿಯಲ್ಲಿ ಬರೆಯದೆ ಇದ್ದದ್ದನ್ನೆಲ್ಲ ದೊಡ್ಡ ಚೀಟಿಯಂತೆ ಮಾಡುವುದು.

ಅದನ್ನು ಕಂಡು ಅವಳು ಕೈ ತಟ್ಟಿ ನಕ್ಕಳು. "ಅಯ್ಯ ಕಾಕೂ, ನಮ್ಮ ಆಫೀಸಿನ್ಯಾಗೂ ಹಿಂಗ ಅದ ನೋಡ್ರಿ! ಪ್ರೋಗ್ರಾಮು ಒಂದ, ಚೀಟಿ ಬ್ಯಾರೆ ಬ್ಯಾರೆ. ಪ್ರಾಕ್ಟೀಸಿಗೆ ಒಂದು, ಖರೇ ಕೆಲಸಕ್ಕ ಒಂದು. ನಾವು ಪ್ರೊಫೈಲ್ ಅಂತೀವಿ. ಅದರಾಗ ಇಲ್ಲದ್ದು ದೊಡ್ಡ ಚೀಟ್ಯಾಗಿಂದ ತೊಗೋತದ."

"ಬರೆಯಲು ಮರೆತರೆ?"

"ಮರತ್ರ ಸಾಂಬಾರಿನ್ಯಾಗ ಉಳ್ಳಾಗಡ್ಡಿ ಬೀಳ್ತದ, ಅಷ್ಟ!"

ಅಷ್ಟೇ ಎಂದು ನಾನೂ ನಕ್ಕಿದ್ದೆ.

ಅವಳ ಕೆಲಸ ಒಂದು ನರ್ಸಿಂಗ್ ಹೋಮಿಗೆ ಸೇರಿದ್ದು. ಯಾರದಾದರೂ ರಕ್ತಪರೀಕ್ಷೆಯಲ್ಲಿ ಅಪಾಯ ಕಂಡರೆ ಆ ಕೂಡಲೇ ಡ್ಯೂಟಿ ಡಾಕ್ಟರ ಫೋನಿಗೆ ಸುದ್ದಿ ಹೋಗಬೇಕು. ಪ್ರಾಕ್ಟೀಸಿಗೆ ಒಂದು ಫೋನು ಬೇಕಿತ್ತು. ಅವಳದನ್ನು ಆಫೀಸಿನ ಬಾಗಿಲಲ್ಲೇ ಕಾವಲಿನವನ ಬಳಿ ಬಿಡಬೇಕಂತೆ. "ನಿಮ್ಮ ನಂಬರ್ ಹಾಕ್ಲೇನ್ರಿ?" ಎಂದಳು. ನಾಲ್ಕನೇ ಕ್ಲಾಸು ಓದಿದವಳ ನಂಬರು ಕಂಪ್ಯೂಟರಿನೊಳಗೆ! ಹಿಗ್ಗಿ ಹೂಂ ಎಂದೆ. ಅವಳು ಅದನ್ನು ಪ್ರಾಕ್ಟೀಸಿನ ಚೀಟಿಯಲ್ಲಲ್ಲ, ಕಂಪ್ಯೂಟರಿನ ದೊಡ್ಡ ಚೀಟಿಯಲ್ಲೇ ಬರೆದಳು.

ಆಮೇಲೆ ಹಗಲಲ್ಲಿ ಫೋನು ಗುರ್ರೆನ್ನುವುದು, ಹಿಂದೆಯೇ ಆಫೀಸಿನಿಂದ ಅವಳ ಕರೆ. "ಕಾಕೂ, ಸಂದೇಶ ಬಂತೇನ್ರಿ?" "ಬಂತು ಮಾರಾಯ್ತಿ!" ಕೋಲ್ಕತ್ತಾದಲ್ಲಿ ಸಂದೇಶ್ ಎಂದರೆ ಸಿಹಿತಿಂಡಿ ತಾನೆ, ಯಜಮಾನರು ಒಳಗಿನಿಂದ, "ಬಂದ್ರೆ ನಂಗೂ ಎರಡು ಕೊಡು!" ಎಂದು ಕೂಗುತ್ತಿದ್ದರು. ಇಂಗ್ಲಿಷಿನಲ್ಲಿ ಏನಿತ್ತೋ ನನಗೆ ತಿಳಿಯದು. ಸದ್ದಾದರೆ ಸಾಕಿತ್ತು. ಫೋನು ತುಂಬಿದಾಗ ಎಲ್ಲ ಅಳಿಸುವ ಗುಂಡಿಯನ್ನೂ ಅವಳೇ ತೋರಿಸಿಕೊಟ್ಟಿದ್ದಳು.

ಒಂದು ದಿನ ತಿಂಡಿ ತಿನ್ನುತ್ತಾ, "ಇವತ್ತಿಂದ ಖರೇ ಚೀಟಿ ಕಾಕೂ, ನಿಮಗಿನ್ನ ಬರೂದಿಲ್ಲ" ಎಂದು ಹೇಳಿ ಹೋದಳು. ಮಧ್ಯಾಹ್ನದ ಡಬ್ಬಿ ತುಂಬುವ ಹೊತ್ತಿಗೆ ಫೋನು ನಡುಗಿತು. ಮತ್ತೆ ನಡುಗಿತು. ಅವಳ ಕರೆ ಬರಲಿಲ್ಲ. ಹಳೆಯದು ಏನೋ ಉಳಿದದ್ದಿರಬೇಕು ಎಂದುಕೊಂಡೆ. ನಾಲ್ಕಾರು ಸಲ ಆದಮೇಲೆ ರೇಗಿ, ಹಿಟ್ಟಿನ ಕೈಯಲ್ಲೇ ಗುಂಡಿ ಒತ್ತಿ ಎಲ್ಲ ಅಳಿಸಿದೆ.

ಊಟದ ಹೊತ್ತು ಕಳೆದ ಮೇಲೆ ಅವಳ ಕರೆ ಬಂತು. ದನಿ ಅವಳದಲ್ಲ ಎನ್ನುವ ಹಾಗಿತ್ತು. "ಕಾಕೂ, ನಿಮ್ಮ ಫೋನಿಗೆ ಏನರೆ ಬಂದಾವೇನ್ರಿ?"

ಅಳಿಸಬಾರದ್ದನ್ನು ಅಳಿಸಿದೆನೇ ಎಂದು ಹೆದರಿದೆ. "ಇಲ್ಲ ಮಾರಾಯ್ತಿ, ಏನೂ ಬರಲಿಲ್ಲ."

"ಖರೇನ?"

"ಖರೇ" ಎಂದೆ, ಅವಳ ಮಾತಲ್ಲೇ.

ಅವಳು ನಂಬಿದಳು. ನಂಬಿ, ತಪ್ಪನ್ನು ಬೇರೆಲ್ಲೋ ಹುಡುಕಿದಳು. ಫೋನು ಇನ್ನೊಮ್ಮೆ ನಡುಗಿತು. ನಾನು ಅದನ್ನು ಅಕ್ಕಿಯೊಳಗೆ ಹೂತು ಮುಚ್ಚಳ ಹಾಕಿದೆ. ಅಕ್ಕಿಯೊಳಗಿಂದಲೂ ಅದು ನಡುಗುವುದು ಕೇಳಿಸಿತು… ಬಾವಿಯ ತಳದಲ್ಲಿ ಯಾರೋ ನರಳಿದ ಹಾಗೆ.

ಸಂಜೆ ಅವಳು ಓಡುತ್ತಾ ಬಂದಳು. ತಪ್ಪು ಸಿಕ್ಕಿತ್ತು. ಖರೇ ಚೀಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು, ಡಾಕ್ಟರ ನಂಬರಿನ ಸಾಲು. ಅಲ್ಲಿ ಇಲ್ಲದ್ದರಿಂದ ಪ್ರೋಗ್ರಾಮು ದೊಡ್ಡ ಚೀಟಿಗೆ ಹೋಗಿ ನನ್ನ ನಂಬರು ಹಿಡಿದಿತ್ತು. ಅಕ್ಕಿಯಿಂದ ಫೋನು ತೆಗೆದುಕೊಟ್ಟೆ. ನಿಂತಲ್ಲೇ ಓದಿದಳು.

"ಮುಂಜಾನಿ ಹಡದಾಳ ಈಕಿ… ಇದು ಎರಡನೇ ರಿಪೋರ್ಟು. ಮಧ್ಯಾಹ್ನ ನಾ ಕೇಳಿದಾಗ ಮೊದಲನೇದು ಬಂದಿತ್ತೇನ್ರಿ?"

"ಬಂದಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ… ಚಪ್ಪಲಿ ಹಾಕಿಕೊಳ್ಳದೆ ಹೊರಗೋಡಿ ನರ್ಸಿಂಗ್ ಹೋಮಿಗೆ ಟ್ಯಾಕ್ಸಿ ಹತ್ತಿದಳು.

ಮರುದಿನ ಬಂದಾಗ ಕಣ್ಣುಗಳು ಒಳಗಿಳಿದಿದ್ದವು. ಬಾಣಂತಿ ಹೇಗಿದ್ದಾಳೆ ಎಂದು ಕೇಳಿದೆ. "ಸಾಲು ಬಿಟ್ಟಾಕಿ ನಾನು, ಕಾಕೂ" ಎಂದಳೇ ಹೊರತು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ನನ್ನ ಸುಳ್ಳನ್ನು ಆಫೀಸಿನಲ್ಲಿ ಅವಳು ಹೇಳಲಿಲ್ಲವೆಂದು ಕಾಣುತ್ತದೆ. ಯಾರೂ ನನ್ನನ್ನು ಕೇಳಲು ಬರಲಿಲ್ಲ. ಕೆಲಸ ಹೋದದ್ದು ಅವಳದು. ವಾರದೊಳಗೆ ಕೋಣೆ ಖಾಲಿ ಮಾಡಿದಳು. ಊರಿನ ನಂಬರು ಕೊಟ್ಟಿದ್ದಳು. ನಾನು ಧೈರ್ಯ ಮಾಡಿ ಫೋನು ಮಾಡುವ ಹೊತ್ತಿಗೆ ಆ ನಂಬರೇ ಇರಲಿಲ್ಲ.

ನಿನ್ನೆ ಮನೆಮನೆಗೆಲ್ಲ ಹೇಳಿ ಬಂದವಳು ಮಗನಿಗೆ ಫೋನು ಮಾಡಿದೆ. "ಆರಾಮ ಅಂತ ನಿಂಗೆ ಯಾರು ಹೇಳಿದ್ದು? ಡಾಕ್ಟ್ರು ಬಾಯಲ್ಲಿ ಹೇಳಿದ್ರಾ, ಫೋನಲ್ಲಿ ಬಂತಾ?"

ಮಗ ನಕ್ಕ. "ಅಮ್ಮ, ನಾನು ಮಂಚದ ಹತ್ರನೇ ಇದ್ದೇನೆ. ಇವಳು ಗಂಜಿ ಕುಡೀತಾ ಇದ್ದಾಳೆ. ಕೊಡ್ಲಾ ಅವಳಿಗೆ?"

ಸೊಸೆಯ ದನಿ ಕೇಳಿದ ಮೇಲೇ ನನಗೆ ಉಸಿರು ಬಂದದ್ದು. ಖುಷಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಾ ಅಳುತ್ತಾ ಇನ್ನೊಂದು ಹೊಳೆಯಿತು, ಇಷ್ಟು ವರ್ಷ ಹೊಳೆಯದೆ ಇದ್ದದ್ದು: ಆ ದಿನವೂ ಯಾವುದೋ ಮನೆಯಲ್ಲಿ ಒಬ್ಬಳು ಹೊಸದಾಗಿ ಅಜ್ಜಿಯಾಗಿದ್ದಳು. ಅವಳೂ ಹೀಗೆಯೇ ಓಣಿಯಲ್ಲಿ ಓಡಿರಬೇಕು, ಯಾರನ್ನೋ ತಬ್ಬಿಕೊಂಡಿರಬೇಕು. ಸಂಜೆ ಅವಳಿಗೆ ಯಾರು ಏನು ಹೇಳಿದರೋ…