ಕೊಟ್ರಬಸಮ್ಮನ ಟ್ರಂಕಿನ ತಾಯತ

ಕಂಪ್ಲಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಕೊಟ್ರಬಸಮ್ಮನಿಗೆ ಮೆಲ್ಲಗೆ ಮಾತಾಡಲು ಬಾರದು. ಇಪ್ಪತ್ತು ವರ್ಷ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅದು.

ಎರಡು ವರ್ಷದ ಹಿಂದೆ ಮಗ ಬಸವಕುಮಾರ್ ಕಬಡ್ಡಿ ಆಡುತ್ತಲೇ ಕುಸಿದು ತೀರಿಹೋದ. ಹತ್ತೊಂಬತ್ತರ ಹುಡುಗ, ಒಂದು ದಿನವೂ ಜ್ವರವೆಂದು ಮಲಗಿದವನಲ್ಲ. "ನನ್ನ ಮಗನ ಮೈ ಕೊಯ್ಯೋದು ಬ್ಯಾಡ್ರಿ" ಎಂದು ಹಟ ಹಿಡಿದು ಅಂದೇ ಮಣ್ಣು ಮಾಡಿಸಿದವಳು ಇವಳೇ. ಆಮೇಲೆ, ಓಟದಲ್ಲಿ ಜಿಲ್ಲೆಗೇ ಮೊದಲು ಬರುತ್ತಿದ್ದ ಮಗಳು ಸ್ನೇಹಾಳನ್ನೂ ಮೈದಾನದತ್ತ ಬಿಡಲಿಲ್ಲ. ಮಗಳು ಮಾತು ಬಿಟ್ಟಳು. ಕಡೆಗೆ ತಾಯಿಯೇ ಸೋತು ಅವಳನ್ನು ಹೊಸಪೇಟೆಯ ಹೃದಯದ ಡಾಕ್ಟರ್ ಸುನಿತಾ ಹತ್ತಿರ ಕರೆದೊಯ್ದಳು.

ಇಸಿಜಿ ಚೆನ್ನಾಗಿಯೇ ಬಂತು. ಡಾಕ್ಟರಿಗೆ ಅಷ್ಟು ಸಾಲಲಿಲ್ಲ.

"ನಿಮ್ಮ ಮಗನ ಜೀನ್‌ನ್ಯಾಗ ಏನು ದೋಷ ಇತ್ತು ಅಂತ ಮೊದಲು ಗೊತ್ತಾಗಬೇಕಮ್ಮ. ಆಮ್ಯಾಲ ಅದೇ ದೋಷ ಈಕಿಗೆ ಐತೇನು ಅಂತ ನೋಡಬೋದು. ಅವಂದು ರಕ್ತ ಎಲ್ಲಾರ ಉಳಿದೈತೇನ್ರಿ?"

ಎಲ್ಲಿಯ ರಕ್ತ! ಅಂದು ಮೈ ಕೊಯ್ಯಗೊಡದ ತನ್ನ ಹಟವೇ ಮಗಳಿಗೆ ಮುಳುವಾಯಿತಲ್ಲ ಎಂದು ಕೊಟ್ರಬಸಮ್ಮನ ಜೀವ ಹಿಂಡಿಹೋಯಿತು. ಮರುಗಳಿಗೆ ಆಸ್ಪತ್ರೆಯೆಲ್ಲ ಕೇಳುವಂತೆ ಕೂಗಿದಳು: "ಹೊಕ್ಕಳಬಳ್ಳಿ ನಡೀತದೇನ್ರಿ?"

ಕೂಸಿನ ಒಣಗಿ ಬಿದ್ದ ಹೊಕ್ಕುಳಬಳ್ಳಿಯನ್ನು ಬೆಳ್ಳಿ ತಾಯತದಲ್ಲಿಟ್ಟು ಉಡಿದಾರಕ್ಕೆ ಕಟ್ಟುವುದು ಅವರ ಮನೆಯ ಪದ್ಧತಿ. ಮಗ ದೊಡ್ಡವನಾದ ಮೇಲೆ ಅದನ್ನು ಬಿಚ್ಚಿ ಟ್ರಂಕಿನಲ್ಲಿಟ್ಟಿದ್ದಳು.

ಡಾಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟರು. "ನಡೀಬೋದಮ್ಮ! ಅದ್ರಾಗೂ ಅವನ ಜೀನ್ ಇರ್ತಾವ. ಜಲ್ದಿ ತರ್ರಿ. ತಾಯತದ ಬಾಯಿ ಮಾತ್ರ ಬಿಚ್ಚಬ್ಯಾಡ್ರಿ!"

ಅವಳು ಕಂಪ್ಲಿಗೆ ಹೋಗಿ ಅದೇ ದಿನ ತಿರುಗಿ ಬಂದಳು. ತಾಯತದ ಜೊತೆ ತಾಯಿ ಮಗಳಿಬ್ಬರ ರಕ್ತವೂ ಬೆಂಗಳೂರಿನ ಲ್ಯಾಬಿಗೆ ಹೋಯಿತು. ಇಪ್ಪತ್ತೊಂದು ವರ್ಷದ ಒಣ ಚೂರು ಮಾತಾಡೀತೇ ಎಂದು ಡಾಕ್ಟರಿಗೂ ಅನುಮಾನವಿತ್ತು. ಎರಡು ತಿಂಗಳಿಗೆ ಅದು ಮಾತಾಡಿತು! ಎದೆ ಬಡಿತದ ಲಯ ಕಾಯುವ ಜೀನ್ ಒಂದರಲ್ಲಿ ದೋಷ ಸಿಕ್ಕಿತ್ತು.

"ಸ್ನೇಹಾಗ ಆ ದೋಷ ಇಲ್ಲ" ಎಂದರು ಡಾಕ್ಟರ್. ಹುಡುಗಿ ಕುಣಿದೇಬಿಟ್ಟಳು. "ಆದ್ರ ಅಮ್ಮಾ, ನಿಮಗೈತಿ. ಇನ್ನ ದಿನಾ ಗುಳಿಗಿ ತಗೋಬೇಕು, ತಪ್ಪಿಸಂಗಿಲ್ಲ."

ಕೊಟ್ರಬಸಮ್ಮನಿಗೆ ನಗು ಅಳು ಎರಡೂ ಒಟ್ಟಿಗೇ ಬಂದವು.

"ಅಂದ್ರ ಅವನಿಗೆ ನಾನಾ ಕೊಟ್ಟಿದ್ದೇನ್ರಿ?"

"ಗೊತ್ತಿದ್ದು ಕೊಟ್ಟೀರೇನಮ್ಮ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮಗಳತ್ತ ತಿರುಗಿದಳು. ಅವ್ವನ ದನಿ ಅಷ್ಟು ಮೆಲ್ಲಗಿದ್ದದ್ದನ್ನು ಸ್ನೇಹಾ ಎಂದೂ ಕೇಳಿರಲಿಲ್ಲ.

"ಓಡವ್ವ. ನಿಮ್ಮಣ್ಣನಾ ನಿನ್ನ ಬಿಡಿಸಿಕೊಟ್ಟಾನ."