ಗ್ರೂಪಿನಿಂದ ಹೊರಬಿದ್ದ ಮೇಲೆ

ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಒಂದು ಭಾನುವಾರ, ಒಲೆಯ ಮೇಲೆ ಪಲ್ಯ ಇಟ್ಟು ಫೋನ್ ಹಿಡಿದು ಕೂತವಳು ತಳ ಹತ್ತಿದ ವಾಸನೆಗೇ ಎದ್ದೆ. ಅಷ್ಟು ಹೊತ್ತು ನೋಡಿದ್ದೇನೆಂದರೆ, ಯಾರೋ ಗುರುತು ಪರಿಚಯವಿಲ್ಲದ ಹೆಂಗಸು ತನ್ನ ಬೀರು ಜೋಡಿಸುವುದನ್ನು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವತ್ತೇ ವಿಡಿಯೋ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿದೆ. ಗ್ರೂಪುಗಳಿಂದಲೂ ಹೊರಬಿದ್ದೆ, ನೆಂಟರ ಗ್ರೂಪೂ ಸೇರಿ. ಅಲ್ಲಾದರೂ ಏನಿತ್ತು? ಬೆಳಗಾದರೆ ಗುಲಾಬಿ ಹೂವಿನ ಶುಭೋದಯ, ಅರಿಶಿನದ ಕಷಾಯ, ಯಾರದೋ ಮನೆ ನಾಮಕರಣದ ಮುಗಿಯದಷ್ಟು ಫೋಟೊ. ಬೇಕಾದವರು ಫೋನ್ ಮಾಡುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ.

ಗುಬ್ಬಿಯಲ್ಲಿ ಟೀಚರ್ ಕೆಲಸ ನನ್ನದು. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದೆ. ಮೊದಮೊದಲು ಎರಡು ಪುಟ ಓದುವಷ್ಟರಲ್ಲಿ ಕೈ ತಾನಾಗಿ ಬ್ಯಾಗಿನೊಳಗೆ ಫೋನ್ ತಡಕುತ್ತಿತ್ತು. ಬರುಬರುತ್ತಾ ಇಳಿಯುವ ಸ್ಟಾಪು ತಪ್ಪಿಹೋಗುವಷ್ಟು ಓದತೊಡಗಿದೆ. ಖುಷಿಯಾಗಿದ್ದೆ, ಸುಳ್ಳೇಕೆ ಹೇಳಲಿ.

ಒಂದು ಬೆಳಿಗ್ಗೆ ಅದೇ ಬಸ್ಸಿನಲ್ಲಿ ನೆಂಟರ ಪೈಕಿ ಹೆಂಗಸೊಬ್ಬರು ಪಕ್ಕದಲ್ಲಿ ಬಂದು ಕೂತರು. ನನ್ನ ಪುಸ್ತಕವನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಸಾಕಿದೋಳ ಮಣ್ಣಿಗೂ ಬರ್ಲಿಲ್ವಲ್ಲವ್ವ ನೀನು," ಅಂದರು.

ಸಾಕಿದವಳು ಎಂದರೆ ಹುಲಿಯೂರುದುರ್ಗದ ದೊಡ್ಡಮ್ಮ. ಅಮ್ಮ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ, ಬುತ್ತಿ ಕಟ್ಟಿ, ಟೀಚರ್ ಟ್ರೈನಿಂಗ್‌ವರೆಗೂ ಓದಿಸಿದವಳು. ಹಿಂದಿನ ತಿಂಗಳು ಹೋದಾಗ ಗಟ್ಟಿಮುಟ್ಟಾಗಿಯೇ ಇದ್ದಳು. ಮುಂದಿನ ಸ್ಟಾಪಿನಲ್ಲಿ ಇಳಿದು, ತುಮಕೂರಿಗೆ ವಾಪಸ್ ಬಂದು, ಕುಣಿಗಲ್ ಬಸ್ ಹತ್ತಿದೆ. ಅಲ್ಲಿಂದ ಹುಲಿಯೂರುದುರ್ಗ. ಮನೆ ತಲುಪಿದಾಗ, ಮೂರನೇ ದಿನದ ಹಾಲುತುಪ್ಪ ಬಿಟ್ಟು ಎಲ್ಲರೂ ತೋಟದಲ್ಲಿನ ಸಮಾಧಿಯಿಂದ ವಾಪಸಾಗುತ್ತಿದ್ದರು.

ದೊಡ್ಡಮ್ಮನ ಮಗ, ನನ್ನ ಅಣ್ಣ, ನನ್ನನ್ನು ಮಾತಾಡಿಸಲಿಲ್ಲ. ಯಾಕೆ ಫೋನ್ ಮಾಡಲಿಲ್ಲ ಎಂದು ಎಲ್ಲರೆದುರೇ ಕೂಗಾಡಿದೆ. ಅವನಿಗೆ ನನ್ನ ಮಾತು ನಿಜವಾಗಿಯೂ ಅರ್ಥವಾಗಲಿಲ್ಲ. "ಗ್ರೂಪಿಗೆ ಹಾಕಿದ್ನಲ್ಲ," ಅಂದ. ಕುಣಿಗಲ್ಲಿನ ಆಸ್ಪತ್ರೆಗೆ ಸೇರಿಸಿದ್ದು, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದು, ಉಸಿರು ನಿಂತದ್ದು, ಮಣ್ಣು ಎಷ್ಟು ಹೊತ್ತಿಗೆ ಎಂಬುದು, ಎಲ್ಲವನ್ನೂ ಗ್ರೂಪಿಗೇ ಹಾಕಿದ್ದ. ನಮ್ಮಲ್ಲಿ ಈಗ ಸಾವಿನ ಸುದ್ದಿಗೂ ಯಾರೂ ಫೋನ್ ಮಾಡುವುದಿಲ್ಲ. ನಾನು ಹೊರಬಿದ್ದದ್ದು ಆ ಶುಭೋದಯಗಳ ನಡುವೆ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ನೋಡಿಯೂ ಬರಲಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕೊನೆಗೆ ಅಣ್ಣ ತನ್ನ ಫೋನ್ ತೆಗೆದು ನನ್ನ ಕೈಗಿಟ್ಟ. ಜೀವ ಹೋಗುವ ಹಿಂದಿನ ಸಂಜೆ ದೊಡ್ಡಮ್ಮ ನಾನೆಲ್ಲಿ ಎಂದು ಕೇಳಿದಳಂತೆ. ಅದನ್ನೂ ವಿಡಿಯೋ ಮಾಡಿ ಅಲ್ಲಿಗೇ ಹಾಕಿದ್ದ. ನಾನು ಆಗೀಗ ಅದೇ ಫೋನಿಗೆ ವಿಡಿಯೋ ಕಾಲ್ ಮಾಡಿ ಅವಳೊಂದಿಗೆ ಮಾತಾಡುತ್ತಿದ್ದೆ. ಇದೂ ವಿಡಿಯೋ ಕಾಲ್ ಎಂದೇ ಅವಳು ನಂಬಿದ್ದಾಳೆ.

ಚಾಪೆಯ ಮೇಲೆ ಮಲಗಿದ್ದಾಳೆ, ಕೆನ್ನೆ ಒಳಗೆ ಹೋಗಿದೆ. "ಯಾವಾಗ್ ಬತ್ತೀಯವ್ವ?" ಎಂದು ಕೇಳುತ್ತಾಳೆ. ನನ್ನ ಉತ್ತರಕ್ಕೆ ಕಾಯುತ್ತಾಳೆ. ತಲೆ ಎತ್ತಿ ಕಿವಿಯನ್ನು ಫೋನಿನ ಹತ್ತಿರಕ್ಕೆ ತರುತ್ತಾಳೆ. ಆಮೇಲೆ ಅಣ್ಣನ ಕಡೆ ತಿರುಗಿ, "ಯಾಕ್ಲಾ, ಮಾತೇ ಆಡ್ತಿಲ್ವಲ್ಲ ಅವ್ಳು," ಅನ್ನುತ್ತಾಳೆ.