ವಾಲ್ವಿನ ಚಕ್ರದ ಮೇಲಿನ ಕೈ

ಅದು ಬೆಳಗಿನ ಪಾಳಿಯೋ ಮಧ್ಯಾಹ್ನದ್ದೋ ಈಗ ಖಚಿತವಿಲ್ಲ. ಇನ್ನೂ ಕೆಲವನ್ನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕಂಪನಿಯ ವಿಚಾರಣೆಯಲ್ಲಿ ಮಾತ್ರ ಎಲ್ಲವನ್ನೂ ಖಚಿತವಾಗಿ ಹೇಳಿದ್ದೆ.

ಪೂರ್ವ ಕರಾವಳಿಯ ತೈಲಬಾವಿಯೊಂದರಲ್ಲಿ ನಾನು ಎಂಜಿನಿಯರ್. ಮಡಕಶಿರದ ನನ್ನ ಸೋದರಮಾವ ಅಲ್ಲೇ ವಾಲ್ವು ನೋಡಿಕೊಳ್ಳುತ್ತಿದ್ದರು; ಕೆಲಸಕ್ಕೆ ಸೇರಿಸಿದವಳು ನಾನೇ. ಎಣ್ಣೆ ಹರಿಯುತ್ತಿರುವಾಗಲೇ ಕೇಬಲ್ಲಿಗೆ ಕಟ್ಟಿದ ಉಪಕರಣವನ್ನು ಇಳಿಸಿ, ಒಂದೊಂದು ಆಳದಲ್ಲೂ ದ್ರವದ ಸಾಂದ್ರತೆ ಅಳೆಯುತ್ತಿದ್ದೆವು. ಸಾಂದ್ರತೆ ಹೆಚ್ಚಿದ್ದಲ್ಲಿ ನೀರು, ಕಡಿಮೆಯಿದ್ದಲ್ಲಿ ಎಣ್ಣೆ. ಹರಿವು ನಿಂತರೆ ಅಳತೆ ಸುಳ್ಳಾಗುತ್ತದೆ. ನೀರೆಲ್ಲ ತಳಕ್ಕಿಳಿದು ಕೂರುತ್ತದೆ.

ಆ ದಿನ ತಳದಲ್ಲೆಲ್ಲ ನೀರೆಂದೇ ತೋರಿತು. ನನ್ನ ವರದಿ ನಂಬಿ, ನೀರು ತಡೆಯಲೆಂದು ಕೆಳಗಿನ ಪದರಕ್ಕೆ ಸಿಮೆಂಟು ತುಂಬಿದರು. ಎಣ್ಣೆ ಬರುತ್ತಿದ್ದುದೇ ಅಲ್ಲಿಂದ ಎಂದು ಗೊತ್ತಾದದ್ದು ಆಮೇಲೆ. ಅಳೆಯುವಾಗ ವಾಲ್ವು ಮುಚ್ಚಿತ್ತು. ಹರಿವಿನ ಮೀಟರ್ ನೋಡಬೇಕಾದವಳು ನಾನು, ನೋಡಿರಲಿಲ್ಲ.

ಮುಚ್ಚಿದ್ದು ಮಾವ ಎಂದು ವಿಚಾರಣೆಯಲ್ಲಿ ಹೇಳಿದೆ. ಊರಿನ ಹಿಪ್ಪುನೇರಳೆ ತೋಟದಲ್ಲಿ ಊಟಕ್ಕೆ ಹೊರಡುವ ಮುನ್ನ ಅವರು ಬೋರ್‌ವೆಲ್ಲಿನ ವಾಲ್ವು ಮುಚ್ಚಿಯೇ ಬರುತ್ತಿದ್ದರು. "ನೋಡೋರಿಲ್ದೆ ಹರೀಬಾರ್ದು ಕಣವ್ವ" ಎನ್ನುತ್ತಿದ್ದರು. ತೈಲಬಾವಿಯಲ್ಲೂ ಊಟದ ಹೊತ್ತಿಗೆ ಅವರ ಕೈ ಚಕ್ರದ ಮೇಲಿದ್ದುದನ್ನು ಕಂಡೆ ಎಂಬ ಹೇಳಿಕೆಗೆ ಸಹಿ ಹಾಕಿದೆ. ಅವರನ್ನು ತೆಗೆದರು. ನನ್ನನ್ನು ಉಳಿಸಿಕೊಂಡರು.

ಬಾವಿಯ ಬಳಿ ಕೈಗವಸಿಲ್ಲದೆ ಯಾರನ್ನೂ ಬಿಡುತ್ತಿರಲಿಲ್ಲ. ನನ್ನ ನೆನಪಿನಲ್ಲಿ ಚಕ್ರದ ಮೇಲಿರುವುದು ಬರಿಗೈ, ತೋಟದಲ್ಲಿ ಕಂಡದ್ದು. ಇದು ಹೊಳೆಯಲು ಇಷ್ಟು ದಿನ ಬೇಕಾಯಿತೇ, ಅಥವಾ ಹೊಳೆದದ್ದನ್ನು ನಾನೇ ತಳ್ಳುತ್ತಿದ್ದೆನೇ?

ಅಮ್ಮನ ಕಣ್ಣಿನ ಆಪರೇಷನ್ ಆಗಿತ್ತೆಂದು ಕಳೆದ ತಿಂಗಳು ಮಾವ, ಅತ್ತೆ ಇಬ್ಬರೂ ರಾಯದುರ್ಗದ ನಮ್ಮ ಮನೆಗೆ ಬಂದರು. ನಾನು ತಂದಿಟ್ಟ ಒಗ್ಗರಣೆ ಮಂಡಕ್ಕಿಯನ್ನು ಅತ್ತೆ ಮುಟ್ಟಲಿಲ್ಲ.

"ಯಾಕ, ತಿನ್ರಿ" ಎಂದಳು ಅಮ್ಮ.

"ನಿಮ್ಮ ಮಗಳ ಕೈಯಿಂದ ತಿಂದಿದ್ದು ಸಾಕು ಅತ್ತಿಗೆ." ಆಮೇಲೆ ಅತ್ತೆ ನನ್ನತ್ತ ತಿರುಗಿದರು. "ಎಣ್ಣೆ ಯಾವ್ದು, ನೀರ್ ಯಾವ್ದು ಅಂತ ಮಿಷಿನ್ ಇಳಿಸಿ ನೋಡೋಳು ನೀನು. ಇವರನ್ನ ಒಂದ್ ಮಾತು ಕೇಳೋಕಾಗ್ಲಿಲ್ವಾ?"

"ಮುಚ್ಚಿಲ್ಲ ಅಂತ ಅವರೇ ಹೇಳಬೋದಿತ್ತಲ್ಲ" ಎಂದೆ. ನಾಚಿಕೆಯಾಗಬೇಕಿತ್ತು, ಸಿಟ್ಟೇ ಬಂತು.

"ಸಹಿ ಹಾಕಿದ್ದು ಇವರ ಅಕ್ಕನ ಮಗಳು. ಯಾರ ಹತ್ರ ಹೇಳ್ಬೇಕಿತ್ತು?"

ಮಾವ ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನು ಬಾಗಿಲವರೆಗೆ ಹೋದೆ.

"ಮಾವ, ಅವತ್ತು ವಾಲ್ವು ಮುಚ್ಚಿದ್ದು ನೀವೇನ್ರಿ?"

ಅವರು ಅತ್ತೆಯ ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.